ವಿಜಯಪುರದ ಬಿಸಿಲಲ್ಲಿ ಬಣ್ಣದ ಸೀ ಸ್ಲಗ್ ಸಾಕುವುದು: ಸಮಗ್ರ ಮಾರ್ಗದರ್ಶಿ

ಸಮುದ್ರದ ನೀರಿನ ಟ್ಯಾಂಕ್ ಇಟ್ಟವರು ಒಂದಲ್ಲ ಒಂದು ದಿನ ಸೀ ಸ್ಲಗ್ ಫೋಟೊ ನೋಡಿ ಮರುಳಾಗುತ್ತಾರೆ. ಚಿಪ್ಪಿಲ್ಲದ ಬಸವನಹುಳುವಿನ ಬಳಗ ಇದು. ಹಳದಿ, ನೀಲಿ, ನೇರಳೆ, ಕೆಂಪು, ಯಾವ ಬಣ್ಣ ಬೇಕಾದರೂ ಇದೆ. ಆದರೆ ಬಣ್ಣ ನೋಡಿ ತರಿಸಿಕೊಂಡ ಹೆಚ್ಚಿನ ಹುಳಗಳು ಕೆಲವೇ ವಾರದಲ್ಲಿ ಸಾಯುತ್ತವೆ. ರೋಗದಿಂದಲ್ಲ, ಹಸಿವಿನಿಂದ. ಹಾಗಾಗಿ ಇಲ್ಲಿ ಹುಳಕ್ಕಿಂತ ಅದರ ಊಟದ ಮಾತೇ ಜಾಸ್ತಿ. ಅದಾದ ಮೇಲೆ ಬಿಸಿಲಿನ ಮಾತು.

ಲೆಕ್ಕವೆಲ್ಲ ವಿಜಯಪುರದ್ದು. ಬಾಗಲಕೋಟೆಯವರಿಗೂ ಹೆಚ್ಚುಕಡಿಮೆ ಹಾಗೇ ಹೊಂದುತ್ತದೆ. ಬೆಳಗಾವಿಯವರಿಗೆ ಬಿಸಿಲಿನ ಕಾಟ ಕಡಿಮೆ, ಮಳೆಗಾಲದ ತೇವ ಜಾಸ್ತಿ. ಅವರಿಗೆ ಬೇರೆ ಮಾಡಬೇಕಾದ್ದನ್ನು ಅಲ್ಲಲ್ಲಿ ಹೇಳಿದ್ದೇನೆ.

ಯಾವ ಹುಳ ತರಬೇಕು, ಯಾವುದು ಬೇಡ

ಕಣ್ಣು ಕುಕ್ಕುವ ಬಣ್ಣದವುಗಳಲ್ಲಿ ಬಹಳಷ್ಟು ನ್ಯೂಡಿಬ್ರಾಂಕ್ ಗುಂಪಿನವು. ಎಲ್ಲವೂ ಮಾಂಸಾಹಾರಿ, ಅದೂ ಹಟಮಾರಿ ಮಾಂಸಾಹಾರಿ. ಕ್ರೋಮೊಡೊರಿಸ್ ಜಾತಿಗಳು ಸ್ಪಂಜು ತಿನ್ನುತ್ತವೆ. ಸಿಕ್ಕ ಸ್ಪಂಜನ್ನಲ್ಲ, ತಮಗೆ ಒಗ್ಗಿದ ಕೆಲವೇ ಬಗೆಯದನ್ನು. ಮೀನಿನ ಪೆಲೆಟ್ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಕಪ್ಪು ಮೈಮೇಲೆ ಹಳದಿ ಗುಳ್ಳೆಗಳಿರುವ ಫಿಲಿಡಿಯಾ ಇನ್ನೂ ಅಪಾಯ. ಬೆದರಿದರೆ, ಸತ್ತರೆ ವಿಷ ಬಿಡುತ್ತದೆ, ಜೊತೆಗಿದ್ದ ಮೀನು, ಸೀಗಡಿಗಳೂ ಹೋಗಿಬಿಡಬಹುದು. ಕೆಂಪು ಸೆರಗು ಬೀಸಿದಂತೆ ಈಜುವ ಸ್ಪ್ಯಾನಿಷ್ ಡ್ಯಾನ್ಸರ್ ನೋಡಲು ಅದ್ಭುತ. ಆದರೆ ಅದೂ ಸ್ಪಂಜು ತಿನ್ನುವುದೇ, ಮೇಲಾಗಿ 40 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಕಪ್ಪು ಮೈಗೆ ನೀಲಿ ಗೆರೆ ಇರುವ ಕೆಲಿಡೊನುರಾ ವೇರಿಯನ್ಸ್ ಚಪ್ಪಟೆ ಹುಳಗಳನ್ನು ತಿನ್ನುತ್ತದೆ. ಟ್ಯಾಂಕಿನ ಚಪ್ಪಟೆ ಹುಳ ಮುಗಿದ ದಿನದಿಂದ ಅದಕ್ಕೂ ಉಪವಾಸ.

ಅಂಗಡಿಯವರು "ಏನ್ ಹಾಕಿದ್ರೂ ತಿಂತದ್ರೀ" ಅಂದರೆ ಅಲ್ಲಿಂದ ಏನೂ ಕೊಳ್ಳದೆ ಬನ್ನಿ. ಹಾಗೆ ಏನು ಹಾಕಿದರೂ ತಿನ್ನುವ ಬಣ್ಣದ ಸೀ ಸ್ಲಗ್ ಸಿಗುವುದಿಲ್ಲ.

ಮನೆಯಲ್ಲಿ ಊಟ ಬೆಳೆಸಿ ಸಾಕಬಹುದಾದದ್ದು ಲೆಟ್ಯೂಸ್ ಸೀ ಸ್ಲಗ್, ಅಂದರೆ ಎಲಿಸಿಯಾ ಕ್ರಿಸ್ಪಾಟಾ. ಫ್ಲೋರಿಡಾ ಮತ್ತು ಕೆರಿಬಿಯನ್ ಕಡಲಿನದು. ಸಾಮಾನ್ಯವಾಗಿ 3ರಿಂದ 5 ಸೆಂಟಿಮೀಟರ್ ಉದ್ದ. ಬೆನ್ನ ತುಂಬ ನೆರಿಗೆ. ಹಸಿರು ಮೈ, ಅದರಲ್ಲಿ ನೀಲಿ ಛಾಯೆ, ಕೆಲವಕ್ಕೆ ನೆರಿಗೆಯ ಅಂಚಿನಲ್ಲಿ ಕಿತ್ತಳೆ ಅಥವಾ ಕೆಂಪು. ಇದು ಪಾಚಿ ತಿನ್ನುತ್ತದೆ. ಬಾಯಲ್ಲಿ ಒಂದೇ ಸಾಲು ಹಲ್ಲು. ಅದರಿಂದ ಪಾಚಿಯ ಕೋಶಕ್ಕೆ ತೂತು ಹೊಡೆದು ಒಳಗಿನ ರಸ ಹೀರುತ್ತದೆ. ರಸದ ಜೊತೆ ಬಂದ, ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣಗಳಾದ ಕ್ಲೋರೊಪ್ಲಾಸ್ಟ್‌ಗಳನ್ನು ಜೀರ್ಣ ಮಾಡದೆ ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಆ ಹಸಿರು ಬಣ್ಣ ಕದ್ದದ್ದು! ಕದ್ದ ಕ್ಲೋರೊಪ್ಲಾಸ್ಟ್‌ಗಳು ಬೆಳಕಿನಲ್ಲಿ ವಾರಗಟ್ಟಲೆ ಕೆಲಸ ಮಾಡುತ್ತವೆ. ಇದನ್ನು ಓದಿಕೊಂಡ ಕೆಲವರು "ಬೆಳಕಿದ್ದರೆ ಸಾಕು, ಊಟ ಬೇಡ" ಎನ್ನುತ್ತಾರೆ. ನಂಬಬೇಡಿ. ಬೆಳಕು ಹಸಿವನ್ನು ಸ್ವಲ್ಪ ದಿನ ಮುಂದೂಡಬಹುದು, ಅಷ್ಟೇ. ಪಾಚಿ ಇಲ್ಲದಿದ್ದರೆ ಹುಳ ದಿನದಿನಕ್ಕೆ ಕುಗ್ಗುತ್ತದೆ.

ಇನ್ನೊಂದು ಆಯ್ಕೆ ಬರ್ಗಿಯಾ. 2 ಸೆಂಟಿಮೀಟರಿನಷ್ಟು ಪುಟ್ಟದು, ರಾತ್ರಿ ಓಡಾಡುತ್ತದೆ. ಐಪ್ಟೇಸಿಯಾ ಎಂಬ ಪುಟ್ಟ ಸಮುದ್ರ ಹೂವನ್ನು (ಸೀ ಅನಿಮೋನ್, ಹೂವಿನಂತೆ ಕಾಣುವ ಪ್ರಾಣಿ) ಬಿಟ್ಟು ಬೇರೇನೂ ತಿನ್ನುವುದಿಲ್ಲ. ಐಪ್ಟೇಸಿಯಾ ಕಾಟದಿಂದ ಬೇಸತ್ತವರಿಗೆ ಒಳ್ಳೆಯದು. ಬಣ್ಣಕ್ಕಾಗಿ ಸಾಕುವವರಿಗೆ ಸಪ್ಪೆ ಅನಿಸಬಹುದು. ಮುಂದಿನದೆಲ್ಲ ಲೆಟ್ಯೂಸ್ ಸ್ಲಗ್ ಲೆಕ್ಕದಲ್ಲೇ ಬರೆಯುತ್ತೇನೆ.

ಯಾವಾಗ ಶುರು ಮಾಡಬೇಕು

ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ಅಂದರೆ ಸಂಕ್ರಾಂತಿಗೆ ಟ್ಯಾಂಕ್ ಕೂರಿಸಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವಷ್ಟರಲ್ಲಿ ನೀರು ಹದಕ್ಕೆ ಬಂದಿರುತ್ತದೆ. ಆಮೇಲೆ ಪಾಚಿ ಬೆಳೆಸಿ. ಹುಳ ಮಾತ್ರ ತರಬೇಡಿ. ಮಾರ್ಚ್‌ನಿಂದ ಮೇ ತನಕ ಬರೀ ಪಾಚಿಯ ಟ್ಯಾಂಕ್ ನಡೆಸಿ, ನೀರಿನ ತಾಪ ಎಷ್ಟು ಏರುತ್ತದೆ, ಕರೆಂಟ್ ಹೋದಾಗ ಏನಾಗುತ್ತದೆ ಅಂತ ಬರೆದಿಡಿ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ನೀರು 27 ಡಿಗ್ರಿ ದಾಟಲಿಲ್ಲ ಅಂದರೆ ಜುಲೈ, ಆಗಸ್ಟ್‌ನಲ್ಲಿ ಹುಳ ತರಿಸಿ. ಆಗ ಹೊರಗೂ ತಂಪು, ದಾರಿಯಲ್ಲಿ ಡಬ್ಬಿ ಕಾಯುವುದಿಲ್ಲ. ಆರು ತಿಂಗಳು ಕಾಯಬೇಕಾ ಅಂತ ಕೇಳಬಹುದು. ಕಾಯಲೇಬೇಕು. ನಮ್ಮ ಬೇಸಿಗೆಯನ್ನು ಒಮ್ಮೆಯೂ ಕಾಣದ ಟ್ಯಾಂಕಿಗೆ ಹುಳ ಬಿಡುವುದು ಜೂಜು.

ಟ್ಯಾಂಕ್ ಮತ್ತು ಜಾಗ

24 ಇಂಚು ಉದ್ದ, 12 ಅಗಲ, 15 ಎತ್ತರದ ಗಾಜಿನ ಟ್ಯಾಂಕ್ ಸಾಕು. ಸುಮಾರು 70 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಹೋಗಿ ನೀರು 60 ಲೀಟರ್ ಆಸುಪಾಸು. ಇದಕ್ಕಿಂತ ಚಿಕ್ಕದು ಬೇಡ. ನೀರು ಕಡಿಮೆಯಾದಷ್ಟೂ ತಾಪ, ಉಪ್ಪು ಎರಡೂ ಬೇಗ ಏರುಪೇರಾಗುತ್ತವೆ. ಎಲ್ಲ ಸೇರಿ ಒಂದು ಕ್ವಿಂಟಲ್ ಹತ್ತಿರ ತೂಕ ಬರುತ್ತದೆ, ಸ್ಟ್ಯಾಂಡ್ ಗಟ್ಟಿ ಇರಲಿ.

ಜಾಗ ಕೆಳಮನೆಯಲ್ಲಿರಲಿ, ಉತ್ತರದ ಕೋಣೆಯಲ್ಲಿರಲಿ. ಮೇಲ್ಮಹಡಿಯ ಸ್ಲ್ಯಾಬು ಸಂಜೆ ಏಳಾದರೂ ಕಾವು ಉಗುಳುತ್ತಿರುತ್ತದೆ. ದಪ್ಪ ಕಲ್ಲಿನ ಗೋಡೆಯ ಹಳೇ ಮನೆ ಇದ್ದರೆ ನೀವೇ ಅದೃಷ್ಟವಂತರು. ಕಿಟಕಿಯ ಬಿಸಿಲು ಟ್ಯಾಂಕಿಗೆ ನೇರ ಬೀಳಬಾರದು.

ಹಳೇ ಟ್ಯಾಂಕ್ ಅಗ್ಗಕ್ಕೆ ಸಿಕ್ಕರೆ ಹುಷಾರು. ಮೀನಿನ ರೋಗಕ್ಕೆ ತಾಮ್ರದ ಔಷಧ ಹಾಕಿದ್ದರೆ ಕಲ್ಲಿನಲ್ಲಿ, ಸಿಲಿಕಾನ್ ಅಂಟಿನಲ್ಲಿ ತಾಮ್ರ ಉಳಿದಿರುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣವೇ ಸೀ ಸ್ಲಗ್‌ಗೆ ಸಾವು.

ನೀರು: ಇಲ್ಲಿ ಅವಸರ ಬೇಡ

ನಮ್ಮ ಬೋರ್ ನೀರು ಗಡಸು. ಅದನ್ನು ಹಾಗೇ ಹಾಕುವ ಮಾತೇ ಇಲ್ಲ. ಆರ್‌ಓ ಬೇಕು. ಆದರೆ ಆರ್‌ಓ ಅಂದ ತಕ್ಷಣ ಶುದ್ಧ ಅಂತಲ್ಲ. ಮೆಂಬ್ರೇನ್ ನೂರಕ್ಕೆ 95 ಪಾಲು ಲವಣ ತಡೆದರೂ 1000 ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಇರುವ ಬೋರ್ ನೀರಿನಿಂದ 50 ಉಳಿಯುತ್ತದೆ. ಹಾಗಾಗಿ ನಲ್ಲಿಯಲ್ಲಿ ಹೊಳೆ ನೀರು ಬರುವ ದಿನ ಅದನ್ನೇ ಆರ್‌ಓಗೆ ಬಿಡಿ. ಕ್ಲೋರಿನ್ ಹೋಗಲು ಕಾರ್ಬನ್ ಫಿಲ್ಟರ್ ಚೆನ್ನಾಗಿರಬೇಕು. ಕೊನೆಗೊಂದು ಡಿಐ ರೆಸಿನ್, ಅಂದರೆ ಉಳಿದ ಲವಣವನ್ನೂ ಹಿಡಿದಿಡುವ ಫಿಲ್ಟರ್ ಹಾಕಿ, ಟಿಡಿಎಸ್ ಮೀಟರ್ 5ಕ್ಕಿಂತ ಕೆಳಗೆ ತೋರಿಸಬೇಕು.

ಅಡುಗೆಮನೆಯ ಆರ್‌ಓ ಮಷೀನನ್ನೇ ಬಳಸುವವರು ಇದನ್ನು ಎರಡು ಸಲ ಓದಿ. ಈಗ ಬರುವ ಎಷ್ಟೋ ಮಷೀನುಗಳಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ನಮಗೆ ಒಳ್ಳೆಯದಿರಬಹುದು, ಹುಳಕ್ಕೆ ಅದು ವಿಷ. ಮಿನರಲ್ ಕಾರ್ಟ್ರಿಜ್‌ಗೂ ಮುಂಚೆ, ಮೆಂಬ್ರೇನ್ ದಾಟಿದ ಕೂಡಲೇ ಒಂದು ಟಿ ಜಾಯಿಂಟ್ ಹಾಕಿಸಿ ಬೇರೆ ಪೈಪ್ ತೆಗೆಸಿ. ಟಿಡಿಎಸ್ ಹೊಂದಿಸುವ ಬೈಪಾಸ್ ಇದ್ದರೆ ಆ ನೀರೂ ಇದರಲ್ಲಿ ಬೆರೆಯಬಾರದು. ನೀರು ಹಿಡಿದಿಡಲು ತಾಮ್ರದ ಕೊಡ, ಹಿತ್ತಾಳೆ ಹಂಡೆ ಬೇಡ. ಸೋಪು ಕಾಣದ ಪ್ಲಾಸ್ಟಿಕ್ ಬಕೆಟ್ ಒಂದನ್ನು ಇದಕ್ಕೇ ಮೀಸಲಿಡಿ, ಮನೆಯವರಿಗೂ ಹೇಳಿಡಿ.

ಉಪ್ಪು ಅಂದರೆ ಅಕ್ವೇರಿಯಂ ಸಾಲ್ಟ್ ಮಿಕ್ಸ್, ಕಡಲಿನ ಟ್ಯಾಂಕಿನದು. ಅಡುಗೆ ಉಪ್ಪಿನಲ್ಲಿ ಕಡಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಲೀಟರಿಗೆ 36ರಿಂದ 38 ಗ್ರಾಂ ಹಾಕಿ, ಪವರ್‌ಹೆಡ್ (ನೀರು ಕದಡುವ ಪುಟ್ಟ ಪಂಪ್) ಓಡಿಸಿ ಒಂದು ದಿನ ಕಲಕಲು ಬಿಡಿ. ಆಮೇಲೆ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. ಸಾಪೇಕ್ಷ ಸಾಂದ್ರತೆ 1.026 ಬರಬೇಕು, ಅಂದರೆ ಸಾವಿರಕ್ಕೆ 35 ಪಾಲು ಉಪ್ಪು. ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ಅದನ್ನು ನಂಬಿ ಹುಳ ಸಾಕಬೇಡಿ.

ಅರಗೊನೈಟ್ ಮರಳು (ಕಡಲಿನ ಟ್ಯಾಂಕಿಗೆ ಹಾಕುವ ಸುಣ್ಣದಂಶದ ಮರಳು) ಒಂದು ಇಂಚು, ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ನಾಲ್ಕೈದು ಕೆ.ಜಿ. ಹಾಕಿ. ಕಾರವಾರ, ಗೋವಾ, ಮಾಲ್ವಣ ಕಡೆ ಹೋದಾಗ ಸಮುದ್ರದ ಕಲ್ಲು ಹೆಕ್ಕಿ ತರುವ ಆಸೆ ಬೇಡ. ಅದರ ಮೇಲೆ ಹವಳ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಳಿತದ ಹೊತ್ತಲ್ಲಿ ಬಂಡೆ ನಡುವಿನ ಕುಳಿಗಳಲ್ಲಿ ಸೀ ಸ್ಲಗ್ ಕಂಡರೂ ಫೋಟೊ ತೆಗೆದು ಬಿಟ್ಟುಬಿಡಿ. ಅದು ಅಲ್ಲಿ ಏನು ತಿನ್ನುತ್ತಿತ್ತು ಅಂತ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ?

ಈಗ ಸೈಕ್ಲಿಂಗ್, ಅಂದರೆ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಯಾಗಲು ಬಿಡುವುದು. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆ ಆಗಬೇಕು. ಪಿಎಚ್ 8.1ರಿಂದ 8.4ರ ನಡುವೆ ಇರಲಿ.

ಊಟ ಬೆಳೆಸುವುದು

ಈ ಕೆಲಸ ಸರಿಯಾದರೆ ಉಳಿದದ್ದು ಸಲೀಸು.

ನಿಮಗೆ ಬೇಕಾದದ್ದು ಉಳಿದ ಅಕ್ವೇರಿಯಂನವರು ಬೈದು ಕಿತ್ತೆಸೆಯುವ ಪಾಚಿ. ಒಂದು ಬ್ರಯಾಪ್ಸಿಸ್, ಪುಟ್ಟ ಹಕ್ಕಿಗರಿಯ ಆಕಾರ. ಇನ್ನೊಂದು ಡರ್ಬೇಸಿಯಾ, ಕೂದಲಿನಷ್ಟು ಸಣ್ಣ ಎಳೆ. ಕಡಲಿನ ಟ್ಯಾಂಕ್ ಇಟ್ಟವರಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಕೆಲವರು ಥ್ಯಾಂಕ್ಸ್ ಕೂಡ ಹೇಳುತ್ತಾರೆ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಟ್ಯಾಂಕಿಗೆ ಫ್ಲುಕೊನಜೋಲ್ ಎಂಬ ಔಷಧ ಹಾಕಿದ್ದೀರಾ? ಬ್ರಯಾಪ್ಸಿಸ್ ಸಾಯಿಸಲು ಎಷ್ಟೋ ಜನ ಅದನ್ನು ಹಾಕುತ್ತಾರೆ. ಹಾಕಿದ್ದರೆ ಆ ಪಾಚಿ ಬೇಡ. ದಪ್ಪ ತಂತಿಯಂಥ ಕೀಟೊಮಾರ್ಫಾ ಕೊಟ್ಟರೂ ಅದನ್ನು ನಂಬಿ ಕೂರಬೇಡಿ. ಕೆಂಪು ಲೋಳೆಯಂತೆ ಹರಡುವುದು ಸಯನೊಬ್ಯಾಕ್ಟೀರಿಯಾ. ಅದಂತೂ ಊಟವೇ ಅಲ್ಲ.

ತಂದ ಪಾಚಿಯನ್ನು ಉಪ್ಪುನೀರಿನ ಬಕೆಟ್‌ನಲ್ಲಿ ಚೆನ್ನಾಗಿ ಜಾಡಿಸಿ. ಪುಟ್ಟ ಏಡಿ, ಐಪ್ಟೇಸಿಯಾ ಇದ್ದರೆ ಕಿತ್ತುಹಾಕಿ. ಆಮೇಲೆ ಅಂಗೈ ಅಗಲದ ಡ್ರೈ ರಾಕ್ ಚೂರುಗಳಿಗೆ ಹತ್ತಿ ದಾರದಿಂದ ಕಟ್ಟಿ. ಎರಡು ಮೂರು ವಾರದಲ್ಲಿ ಕಲ್ಲಿಗೆ ಹಿಡಿದುಕೊಳ್ಳುತ್ತದೆ.

ದೊಡ್ಡ ಟ್ಯಾಂಕ್ ಒಂದರಲ್ಲೇ ಬೆಳೆಸಿದರೆ ಸಾಲುವುದಿಲ್ಲ. ಬೆಳೆಯುವುದಕ್ಕಿಂತ ಬೇಗ ಹುಳ ಹೀರಿ ಮುಗಿಸುತ್ತದೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ತೊಟ್ಟಿ ಬೇಕು. 15-20 ಲೀಟರಿನ ಪ್ಲಾಸ್ಟಿಕ್ ಟಬ್, ಒಂದು ಏರ್ ಸ್ಟೋನ್, ಮೇಲೊಂದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ದಿನಕ್ಕೆ 10ರಿಂದ 12 ಗಂಟೆ ಬೆಳಕು. ವಾರಕ್ಕೊಮ್ಮೆ ದೊಡ್ಡ ಟ್ಯಾಂಕಿನಿಂದ ತೆಗೆದ ಹಳೇ ನೀರನ್ನು ಇದಕ್ಕೆ ಸುರಿಯಿರಿ. ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್ ಪಾಚಿಗೆ ಗೊಬ್ಬರ. ಟಬ್‌ನಲ್ಲಿ ನೈಟ್ರೇಟ್ 5ರಿಂದ 10 ಪಿಪಿಎಂ ಇರಲಿ. ಸೊನ್ನೆಯಾದರೆ ಪಾಚಿ ಬಿಳಿಚಿಕೊಂಡು ಕರಗಿಹೋಗುತ್ತದೆ. ಆಗ ಒಂದು ಚಿಟಿಕೆ ಮೀನಿನ ಆಹಾರ ಹಾಕಿ.

ಕಲ್ಲುಗಳನ್ನು ಪಾಳಿಯಲ್ಲಿ ನಡೆಸಿ. ಎರಡು ಕಲ್ಲು ಹುಳದ ಬಳಿ, ನಾಲ್ಕು ಕಲ್ಲು ಟಬ್‌ನಲ್ಲಿ. ಹುಳ ಹೀರಿದ ಎಳೆ ಬಣ್ಣ ಕಳೆದುಕೊಂಡು ಬಿಳಿಯಾಗುತ್ತದೆ. ಕಲ್ಲು ಬೋಳಾಗುವ ಮೊದಲೇ ಅದನ್ನು ಟಬ್‌ಗೆ ಹಾಕಿ ತುಂಬಿದ್ದನ್ನು ತನ್ನಿ. ಬುಡದಲ್ಲಿ ಸ್ವಲ್ಪ ಉಳಿದಿದ್ದರೆ ಮತ್ತೆ ಚಿಗುರುತ್ತದೆ. ಟಬ್‌ನ ಎಲ್ಲ ಕಲ್ಲುಗಳೂ ಹಸಿರು ಕಂಬಳಿ ಹೊದ್ದ ಮೇಲಷ್ಟೇ ಹುಳಕ್ಕೆ ಆರ್ಡರ್ ಕೊಡಿ.

ಬಿಸಿಲಿಗೆ ಏನು ಮಾಡುವುದು

24ರಿಂದ 26 ಡಿಗ್ರಿ ಇದ್ದರೆ ಹುಳ ಆರಾಮ. 28ರ ಮೇಲೆ ದಿನಗಟ್ಟಲೆ ಇದ್ದರೆ ಉಳಿಯುವುದು ಕಷ್ಟ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಮುಟ್ಟುವುದು ಮಾಮೂಲಿ.

ಮೊದಲ ಮದ್ದು ಫ್ಯಾನ್. ಟ್ಯಾಂಕಿನ ಮೇಲಿನ ಗಾಜು ತೆಗೆದು ಬಲೆ ಹಾಕಿ. ನೀರಿನ ಮೇಲ್ಮೈಗೆ ಗಾಳಿ ಬಡಿಯುವಂತೆ ಒಂದು ಪುಟ್ಟ ಫ್ಯಾನ್ ಕೂರಿಸಿ. ಒಂದು ಲೀಟರ್ ನೀರು ಆವಿಯಾಗುವಾಗ ಎಳೆದೊಯ್ಯುವ ಕಾವು, ಒಂದು ಲೀಟರ್ ಮಂಜುಗಡ್ಡೆ ಎಳೆಯುವ ಕಾವಿಗಿಂತ ಐದು ಪಟ್ಟಿಗೂ ಜಾಸ್ತಿ. ನಮ್ಮ ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಅಷ್ಟು ಇಳಿಯದು, ಆದರೆ ಆಗ ಅಲ್ಲಿ ಇಳಿಸುವ ಅಗತ್ಯವೂ ಇರುವುದಿಲ್ಲ.

ಫ್ಯಾನ್ ಹಾಕಿದರೆ ನೀರು ಇಳಿಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 60 ಲೀಟರಿನಲ್ಲಿ ದಿನಕ್ಕೆ ಎರಡು ಲೀಟರ್ ಹೋಯಿತು ಅಂದುಕೊಳ್ಳಿ. ಮೂರು ದಿನ ಮರೆತರೆ 35 ಇದ್ದ ಉಪ್ಪು 39 ಹತ್ತಿರ ಹೋಗುತ್ತದೆ. ಹುಳಕ್ಕೆ ಇದು ಬಿಸಿಲಿಗಿಂತ ದೊಡ್ಡ ಏಟು. ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಬೆಳಗ್ಗೆ, ಸಂಜೆ ಆ ಗೆರೆ ತನಕ ಬರೀ ಆರ್‌ಓ ನೀರು ತುಂಬಿ. ಉಪ್ಪುನೀರು ಅಲ್ಲ. ದುಡ್ಡಿದ್ದರೆ ಇಳಿದ ನೀರನ್ನು ತಾನೇ ತುಂಬುವ ಆಟೋ ಟಾಪ್-ಆಫ್ ಹಾಕಿಸಿ, ಚಿಂತೆ ಇಲ್ಲ.

ಕೋಣೆಯೇ 36-37 ಡಿಗ್ರಿ ಆದಾಗ ಫ್ಯಾನ್ ಸೋಲುತ್ತದೆ. ಆಗ ಎರಡೇ ದಾರಿ: ಎಸಿ ಇರುವ ಕೋಣೆ, ಇಲ್ಲವೇ ನೀರು ತಂಪು ಮಾಡುವ ಯಂತ್ರ, ಚಿಲ್ಲರ್. ಈ ಅಳತೆಗೆ ಹತ್ತನೇ ಒಂದು ಎಚ್‌ಪಿಯ ಚಿಲ್ಲರ್ ಸಾಕು. ಅದರ ಬೆನ್ನಿನಿಂದ ಬಿಸಿಗಾಳಿ ಬರುತ್ತದೆ, ಕಪಾಟಿನೊಳಗೆ ಮುಚ್ಚಿಡಬೇಡಿ. ಚಿಲ್ಲರ್ ಬೆಲೆ ಉಳಿದೆಲ್ಲ ಸಾಮಾನಿನ ಬೆಲೆಗಿಂತ ಜಾಸ್ತಿ ಆಗಬಹುದು. ಅಷ್ಟು ಹಾಕಲು ಮನಸ್ಸಿಲ್ಲ, ಎಸಿಯೂ ಇಲ್ಲ ಅಂದರೆ ವಿಜಯಪುರದಲ್ಲಿ ಈ ಹುಳ ಬೇಡ. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ತುರ್ತಿಗೆ ಫ್ರೀಜರ್‌ನಲ್ಲಿ ಒಂದು ಲೀಟರಿನ ಎರಡು ನೀರಿನ ಬಾಟಲಿ ಗಟ್ಟಿ ಮಾಡಿಟ್ಟಿರಿ. ಒಂದನ್ನು ಮುಚ್ಚಳ ಬಿಗಿದು ತೇಲಿಬಿಟ್ಟರೆ ಒಂದೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ, ತಾಪ ಧಡಕ್ಕನೆ ಬೀಳಬಾರದು.

ಕರೆಂಟ್ ಹೋದರೆ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬಿಸಿ ನೀರಿನಲ್ಲಿ ಅದು ಮೊದಲೇ ಕಮ್ಮಿ. ಇನ್ವರ್ಟರ್ ಇದ್ದರೆ ಏರ್ ಪಂಪ್ ಅದರ ಮೇಲೆ ಹಾಕಿ, ಐದು ವ್ಯಾಟ್ ಕೂಡ ಎಳೆಯುವುದಿಲ್ಲ. ಇಲ್ಲವಾದರೆ ಬ್ಯಾಟರಿ ಏರ್ ಪಂಪ್ ತಂದಿಡಿ.

ಡಿಸೆಂಬರ್, ಜನವರಿ ರಾತ್ರಿಗೆ ಪುಟ್ಟ ಹೀಟರ್ ಬೇಕಾಗುತ್ತದೆ. ಅದಕ್ಕೆ ಜಾಲರಿ ಕವಚ ಹಾಕಿ. ಹುಳ ಬರಿ ಹೀಟರ್ ಮೇಲೆ ಹತ್ತಿದರೆ ಸುಟ್ಟುಹೋಗುತ್ತದೆ.

ಹುಳ ಬರುವ ಮುಂಚೆ ಮನೆ ಭದ್ರ ಮಾಡಿ

ಪಂಪಿನ ಬಾಯಿಗೆ ಸಿಕ್ಕಿ ಸಾಯುವ ಹುಳಗಳು ಬಹಳ. ಇದು ಗಾಜಿನ ಮೇಲೆ ತೆವಳುತ್ತಾ ಎಲ್ಲೆಲ್ಲೂ ಹೋಗುತ್ತದೆ, ಹಿಡಿತ ತಪ್ಪಿದರೆ ನೀರಿನಲ್ಲಿ ತೇಲುತ್ತದೆ. ಪವರ್‌ಹೆಡ್, ಫಿಲ್ಟರಿನ ಪ್ರತಿ ಬಾಯಿಗೂ ಒರಟು ಫೋಮ್ ಕಟ್ಟಿ. ಫೋಮ್ ಮೇಲೆ ಕೈಯಿಟ್ಟಾಗ ಸೆಳೆತ ಜೋರಾಗಿ ಗೊತ್ತಾದರೆ ಪಂಪ್ ಕಡಿಮೆ ಮಾಡಿ. ವೇವ್‌ಮೇಕರ್ ಬೇಡವೇ ಬೇಡ.

ಜೊತೆಗಾರರೂ ಬೇಡ. ರಾಸ್, ಬಟರ್‌ಫ್ಲೈ, ಪಫರ್ ಮೀನು ಕಚ್ಚುತ್ತವೆ. ಏಡಿಗಳು ಬಿಡುವುದಿಲ್ಲ. ಸಮುದ್ರ ಹೂವು ಕುಟುಕಿ ತಿಂದುಬಿಡುತ್ತದೆ. ಟ್ರೋಕಸ್, ಸೆರಿತ್ ಬಸವನಹುಳು ಒಂದೆರಡು ಇದ್ದರೆ ನಡೆಯುತ್ತದೆ, ಆದರೆ ಅವಕ್ಕೂ ಪಾಚಿಯಲ್ಲಿ ಪಾಲು ಬೇಕು.

ತರಿಸುವುದು, ಬಿಡುವುದು

ಇದು ಸದಾ ಸಿಗುವ ಮಾಲಲ್ಲ. ಮುಂಬೈ, ಬೆಂಗಳೂರಿನ ವ್ಯಾಪಾರಿಗಳಿಗೆ ಹೇಳಿಟ್ಟು ಕಾಯಬೇಕು. ಬಂದಿದೆ ಅಂದ ಕೂಡಲೇ ದುಡ್ಡು ಕಳಿಸಬೇಡಿ, ಮೊದಲು ವಿಡಿಯೊ ಕೇಳಿ. ಮೈ ಗಾಢ ಹಸಿರಾಗಿರಬೇಕು, ನೆರಿಗೆ ತುಂಬಿಕೊಂಡಿರಬೇಕು. ಬಿಳಿಚಿಕೊಂಡು ನೆರಿಗೆ ಸುರುಟಿದ್ದರೆ ಅದು ಬಹಳ ದಿನದಿಂದ ಹಸಿದಿದೆ. ಅಂಗಡಿಯ ಟ್ಯಾಂಕಿನ ಉಪ್ಪು ಎಷ್ಟು, ತಾಮ್ರ ಬಳಸುತ್ತಾರಾ ಅಂತ ಕೇಳಿ, ಬಿಲ್ ತೆಗೆದುಕೊಳ್ಳಿ. ಥರ್ಮೋಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಗ್ಗೆ ಇಳಿಸಿಕೊಳ್ಳಬಹುದು. ಬಸ್ ಸ್ಟ್ಯಾಂಡಿಗೆ ನೀವೇ ಹೋಗಿ. ಪಾರ್ಸೆಲ್ ಕೌಂಟರಿನಲ್ಲಿ ಡಬ್ಬಿ ಹತ್ತು ಗಂಟೆ ತನಕ ಕೂರಬಾರದು.

ಮನೆಗೆ ಬಂದ ಮೇಲೆ ಕೋಣೆಯ ದೀಪ ಮಂದ ಮಾಡಿ, ಚೀಲವನ್ನು ಟ್ಯಾಂಕಿನಲ್ಲಿ 20 ನಿಮಿಷ ತೇಲಿಬಿಡಿ. ಆಮೇಲೆ ಚೀಲದ ನೀರಿನ ಸಮೇತ ಹುಳವನ್ನು ಒಂದು ಡಬ್ಬಿಗೆ ಹಾಕಿ. ಏರ್ ಪೈಪಿಗೆ ಗಂಟು ಬಿಗಿದು ಟ್ಯಾಂಕಿನ ನೀರನ್ನು ಸೆಕೆಂಡಿಗೆ ಎರಡು ಹನಿಯಂತೆ ಬಿಡಿ. ಡಬ್ಬಿಯ ನೀರು ಮೂರು ಪಟ್ಟು ಆಗುವ ತನಕ, ಒಂದೂವರೆ ಎರಡು ಗಂಟೆ. ಎರಡೂ ಕಡೆ ಉಪ್ಪು ಒಂದೇ ಆಯಿತಾ ನೋಡಿ. ಕೈಯಿಂದ ಹಿಡಿಯಬೇಡಿ, ಸಣ್ಣ ಬಟ್ಟಲಿಗೆ ಸರಿಸಿಕೊಂಡು ಪಾಚಿ ಕಲ್ಲಿನ ಪಕ್ಕ ಇಳಿಸಿ. ಡಬ್ಬಿಯ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ದಿನದ ಕೆಲಸ ಮತ್ತು ತೊಂದರೆಯ ಗುರುತು

ದಿನಾ ಬೆಳಗ್ಗೆ ಹುಳ ಎಲ್ಲಿದೆ ನೋಡಿ, ತಾಪ ನೋಡಿ, ನೀರು ಗೆರೆಗೆ ತುಂಬಿ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆ ಮತ್ತೊಮ್ಮೆ ತಾಪ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿ, ಹೊಸ ನೀರಿನ ಉಪ್ಪು, ತಾಪ ಎರಡೂ ಹೊಂದಿರಲಿ. ಮುಂದಿನ ಗಾಜು ಮಾತ್ರ ಒರೆಸಿ. ಹಿಂದಿನ ಗಾಜಿನ ಪಾಚಿ ಹುಳದ ಪಾಲಿಗಿರಲಿ.

ಮೈ ಬಿಳಿಚುವುದು, ಉದ್ದ ಕುಗ್ಗುವುದು ಅಂದರೆ ಹಸಿವು. ಪಾಚಿ ಇದ್ದೂ ಹೀಗಾದರೆ ಬೇರೆ ಬಗೆಯ ಪಾಚಿ ಇಟ್ಟು ನೋಡಿ. ಬೇರೆ ಬೇರೆ ಜಾಗದಿಂದ ಬಂದ ಹುಳಗಳಿಗೆ ರುಚಿಯೂ ಬೇರೆ. ಉಂಡೆಯಾಗಿ ಮುದುಡಿ ನೆಲಕ್ಕೆ ಬಿದ್ದಿದ್ದರೆ ಮೊದಲು ಉಪ್ಪು, ಆಮೇಲೆ ತಾಪ, ಆಮೇಲೆ ಅಮೋನಿಯಾ ನೋಡಿ, ಇದೇ ಕ್ರಮದಲ್ಲಿ. ಸತ್ತರೆ ತಡಮಾಡದೆ ತೆಗೆಯಿರಿ. ಮೈ ಮೆತ್ತಗಿನದು, ಗಂಟೆಗಳಲ್ಲೇ ಕರಗಿ ನೀರು ಕೆಡಿಸುತ್ತದೆ. ಕಾಲು ಭಾಗ ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ.

ಎರಡು ಹುಳ ಇದ್ದರೆ ಒಂದು ದಿನ ಗಾಜಿನ ಮೇಲೆ ಸುರುಳಿ ಸುರುಳಿಯಾಗಿ ಮೊಟ್ಟೆಯ ಪಟ್ಟಿ ಕಾಣಬಹುದು. ಪ್ರತಿ ಹುಳವೂ ಗಂಡೂ ಹೌದು, ಹೆಣ್ಣೂ ಹೌದು. ಹಾಗಾಗಿ ಯಾವುವಾದರೂ ಎರಡು ಇದ್ದರೆ ಸಾಕು. ಈ ಅಳತೆಯ ಟ್ಯಾಂಕಿಗೆ ಎರಡಕ್ಕಿಂತ ಜಾಸ್ತಿ ಬೇಡ, ಪಾಚಿ ಸಾಲುವುದಿಲ್ಲ.

ಊರಿಗೆ ಹೋಗುವಾಗ ತುಂಬಿದ ಪಾಚಿ ಕಲ್ಲು ಮೂರು ಇಟ್ಟು ಹೋದರೆ ನಾಲ್ಕು ದಿನ ಊಟದ ಚಿಂತೆ ಇಲ್ಲ. ಚಿಂತೆ ನೀರಿನದು. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವವರು ದಿನಕ್ಕೆ ಎರಡರಂತೆ ಒಂದು ಲೀಟರಿನ ಬಾಟಲಿಗಳಲ್ಲಿ ಆರ್‌ಓ ನೀರು ತುಂಬಿ, ಮೇಲೆ ದಿನ ಬರೆದು ಸಾಲಾಗಿ ಇಡಿ. ಟ್ಯಾಂಕಿಗೆ ಒಂದು ಚೀಟಿ ಅಂಟಿಸಿ: "ಗೆರೆ ತನಕ ಬಾಟಲಿ ನೀರು ಹಾಕಿ. ಬೇರೆ ಏನೂ ಹಾಕಬೇಡಿ." ಮೀನಿನ ಆಹಾರದ ಡಬ್ಬಿಯನ್ನು ಮಾತ್ರ ಕಪಾಟಿನೊಳಗಿಟ್ಟು ಹೋಗಿ. ಪಾಪ, ಹುಳ ಹಸಿದಿದೆ ಅಂತ ಯಾರಾದರೂ ಒಂದು ಮುಷ್ಟಿ ಹಾಕಿಬಿಟ್ಟರೆ ಅಮೋನಿಯಾ ಏರುತ್ತದೆ.